ಸಿಟ್ಟಿನ ಫೋಟೋ ಕದಿಯಬೇಡಿ, ಜೊತೆಗೆ ಕೂತು ಮಾಡಿ

ಬಸ್ಸಲ್ಲಿ ಯಾರೋ ಒಬ್ಬ ಹೆಂಗಸು ಕಂಡಕ್ಟರ್ ಮೇಲೆ ರೇಗಾಡುತ್ತಿರುತ್ತಾರೆ. ಹಿಂದಿನ ಸೀಟಿನವರು ಮೊಬೈಲ್ ಎತ್ತಿ ಹಿಡಿಯುತ್ತಾರೆ. ಸಂಜೆ ಹೊತ್ತಿಗೆ ಆ ಮುಖ ಊರೆಲ್ಲ ಹರಡಿರುತ್ತದೆ. ಮಾರನೇ ದಿನ ಅದು ಸ್ಟಿಕ್ಕರ್ ಆಗಿರುತ್ತದೆ, ಗ್ರೂಪಲ್ಲಿ ಯಾರಿಗಾದರೂ ತಮಾಷೆಗೆ ಬೈಯಬೇಕಾದರೆ ಅದನ್ನೇ ಒತ್ತುತ್ತಾರೆ. ಆಕೆಗೆ ಯಾಕೆ ಸಿಟ್ಟು ಬಂತು, ಅದಕ್ಕೂ ಮೊದಲು ಏನಾಯಿತು, ಆ ದಿನ ಬೆಳಗ್ಗೆಯಿಂದ ಆಕೆ ಯಾರ್ಯಾರ ಮಾತು ನುಂಗಿಕೊಂಡು ಬಂದಿದ್ದರು, ಯಾರಿಗೂ ಗೊತ್ತಿಲ್ಲ, ಯಾರಿಗೂ ಬೇಕಾಗಿಯೂ ಇಲ್ಲ. ಉಳಿಯುವುದು ತೆರೆದ ಬಾಯಿ, ಅರಳಿದ ಮೂಗು, ಕೆದರಿದ ಕೂದಲು, ಅಷ್ಟೇ.

ಇದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಅಳುವವರ ಮುಂದೆ ಮೊಬೈಲ್ ಹಿಡಿಯಲು ನಮಗೆ ಸ್ವಲ್ಪವಾದರೂ ಸಂಕೋಚ ಇದೆ. ಸಿಟ್ಟಾದವರ ಮುಂದೆ ಆ ಸಂಕೋಚವೂ ಇಲ್ಲ. ಅದರಲ್ಲೂ ಸಿಟ್ಟಾದವರು ಹೆಂಗಸಾದರೆ ಮುಗಿದೇ ಹೋಯಿತು.

ಫೋಟೋ ತೆಗೆಯುವವಳಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಒಬ್ಬರ ಸಿಟ್ಟನ್ನು ಚಿತ್ರದಲ್ಲಿ ತೋರಿಸಬೇಕು ಅನ್ನಿಸಿದರೆ ಅವರ ಜೊತೆ ಕೂತು, ಮಾತಾಡಿ, ಬಟ್ಟೆ ಯಾವುದು ಸಾಮಾನು ಯಾವುದು ಅಂತ ಅವರನ್ನೇ ಕೇಳಿ, ಬೆಳಕು ಹೊಂದಿಸಿ, ಬೇಕಂತಲೇ ಆ ಚಿತ್ರವನ್ನು ಕಟ್ಟಬೇಕು. ಹಾಗೆ ಕಟ್ಟಿದ ಸಿಟ್ಟು ಕದ್ದು ತೆಗೆದ ಸಿಟ್ಟಿಗಿಂತ ಜಾಸ್ತಿ ನಿಜ ಅಂತ ನಾನು ನಂಬುತ್ತೇನೆ.

ಸ್ಟೇಜ್ ಮಾಡಿದ ಫೋಟೋ ಅಂದ್ರೆ ನಾಟಕ ಅಲ್ವಾ, ಅದು ಹೇಗೆ ನಿಜ ಆಗುತ್ತೆ ಅಂತ ಕೇಳುವವರು ಬಹಳ ಜನ. ನಾನು ಯಕ್ಷಗಾನ ನೋಡಿ ಬೆಳೆದವಳು, ನನಗೆ ಈ ಪ್ರಶ್ನೆ ಅರ್ಥವೇ ಆಗುವುದಿಲ್ಲ. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ರಾಕ್ಷಸ ಪಾತ್ರ ಮಾಡುವ ಬಣ್ಣದ ವೇಷದವರು ಗಂಟೆಗಟ್ಟಲೆ ಕೂತು ಅಕ್ಕಿಹಿಟ್ಟು, ಸುಣ್ಣ ಕಲಸಿದ ಚಿಟ್ಟಿಯನ್ನು ಮುಖದ ಮೇಲೆ ಸಾಲುಸಾಲಾಗಿ ಇಟ್ಟುಕೊಳ್ಳುತ್ತಾರೆ. ಆಮೇಲೆ ತೆರೆಯ ಹಿಂದಿನಿಂದ ಅಟ್ಟಹಾಸ ಕೇಳುತ್ತದೆ, ಚೆಂಡೆ ಏರುತ್ತದೆ, ದೊಂದಿಗೆ, ಅಂದರೆ ಪಂಜಿಗೆ, ರಾಳ ಬಿದ್ದು ಬೆಂಕಿ ಭುಗಿಲ್ಲನೆ ಎದ್ದೇಳುತ್ತದೆ. ಇಷ್ಟೆಲ್ಲ ತಯಾರಿ ಆದ ಮೇಲೆ ಬರುವ ಆ ರೌದ್ರ ನೋಡಿ ಮುಂದೆ ಕೂತ ಮಕ್ಕಳು ಅಮ್ಮನ ಸೆರಗಿನೊಳಗೆ ಮುಖ ಮುಚ್ಚಿಕೊಳ್ಳುತ್ತಾರೆ. ಅದನ್ನು ಸುಳ್ಳು ಸಿಟ್ಟು ಅಂತ ಯಾರೂ ಹೇಳುವುದಿಲ್ಲ. ಅದು ವೇಷ ಹಾಕಿದವರೊಬ್ಬರ ಸಿಟ್ಟೂ ಅಲ್ಲ. ಭಾಗವತರು, ಚೆಂಡೆಯವರು, ಎದುರು ವೇಷದವರು, ದೊಂದಿ ಹಿಡಿದವರು ಎಲ್ಲ ಸೇರಿ ಕಟ್ಟುವ ಸಿಟ್ಟು.

ನಾಟ್ಯಶಾಸ್ತ್ರದಲ್ಲೂ ಈ ವಿಚಾರ ಸ್ಪಷ್ಟವಾಗಿಯೇ ಇದೆ. ಒಳಗಿರುವುದು ಕ್ರೋಧ ಅನ್ನುವ ಸ್ಥಾಯಿಭಾವ, ಅಂದರೆ ಮನಸ್ಸಲ್ಲಿ ನೆಲೆಸಿದ ಭಾವ. ಅದು ಅಭಿನಯದ ಮೂಲಕ ನೋಡುವವರನ್ನು ಮುಟ್ಟಿದಾಗ ರೌದ್ರ ರಸ. ಅದರ ಬಣ್ಣ ಕೆಂಪು, ದೇವತೆ ರುದ್ರ. ಒಳಗಿನ ಕ್ರೋಧ ತಾನಾಗಿಯೇ ರಸ ಆಗುವುದಿಲ್ಲ, ನಡುವೆ ಕೆಲಸ ಇದೆ. ಮೊಬೈಲ್ ವಿಡಿಯೋದಲ್ಲಿ ಆ ಕೆಲಸ ನಡೆದೇ ಇರುವುದಿಲ್ಲ. ಅದಕ್ಕೇ ಅದನ್ನು ನೋಡಿ ನಮಗೆ ನಗು ಬರುತ್ತದೆ, ಇಲ್ಲಾ ಅಸಹ್ಯ ಬರುತ್ತದೆ. ರೌದ್ರ ಮಾತ್ರ ಬರುವುದಿಲ್ಲ.

ಈಗ ನಮ್ಮ ಬೆಂಗಳೂರಿನವರೇ ಆದ ಪುಷ್ಪಮಾಲಾ ಎನ್. ಬಗ್ಗೆ ಹೇಳಬೇಕು. 1956ರಲ್ಲಿ ಹುಟ್ಟಿದವರು, ಬರೋಡಾದಲ್ಲಿ ಶಿಲ್ಪಕಲೆ ಕಲಿತವರು, 1990ರ ದಶಕದಿಂದ ತಾವೇ ವೇಷ ಹಾಕಿ ಕ್ಯಾಮೆರಾದ ಮುಂದೆ ನಿಲ್ಲುತ್ತಾ ಬಂದವರು. ಫೋಟೋ ಪರ್ಫಾರ್ಮೆನ್ಸ್ ಅಂತ ಇದಕ್ಕೆ ಹೆಸರು. 2000ದಿಂದ 2003ರ ನಡುವೆ ಅವರು ಮುಂಬೈಯ ಇಂಡಿಯಾ ಫೋಟೋ ಸ್ಟುಡಿಯೋದ ಜೆ.ಎಚ್. ಠಕ್ಕರ್ ಅವರ ಜೊತೆ ಸೇರಿ ನವರಸಗಳ ಒಂದು ಸರಣಿ ಮಾಡಿದರು. ಠಕ್ಕರ್ ದೇಶ ವಿಭಜನೆಯ ಹೊತ್ತಿಗೆ ಕರಾಚಿಯಿಂದ ಬಂದು ಮುಂಬೈಯಲ್ಲಿ ಸ್ಟುಡಿಯೋ ಇಟ್ಟವರು, ಆ ಕಾಲದ ಹಿಂದಿ ಸಿನಿಮಾ ತಾರೆಯರ ಭಾವಚಿತ್ರಗಳಿಗೆ ಹೆಸರಾದವರು. ಸೆಪಿಯಾ ಬಣ್ಣದ ಹಳೇ ಪದ್ಧತಿಯ ಪ್ರಿಂಟು. ರಸಗಳ ಸಾಲಿನಲ್ಲಿ ರೌದ್ರವೂ ಇದೆ.

ನನಗೆ ಈ ಕೆಲಸದಲ್ಲಿ ಇಷ್ಟವಾಗುವುದು ಆ ಜೋಡಿ. ಬೆಳಕು ಎಲ್ಲಿಂದ ಬೀಳಬೇಕು, ಗದ್ದ ಎಷ್ಟು ಎತ್ತಬೇಕು, ನೆರಳು ಮೂಗಿನ ಯಾವ ಕಡೆ ನಿಲ್ಲಬೇಕು ಅನ್ನುವುದೆಲ್ಲ ಕೈಗೆ ಕೂತ ಹಿರಿಯ ಸ್ಟುಡಿಯೋ ಫೋಟೋಗ್ರಾಫರ್ ಒಂದು ಕಡೆ. ಇನ್ನೊಂದು ಕಡೆ ತನಗೆ ಏನು ಬೇಕು ಅಂತ ಚೆನ್ನಾಗಿ ಗೊತ್ತಿದ್ದು ಅವರ ಮುಂದೆ ಕೂತ ಕಲಾವಿದೆ. ಸಿನಿಮಾ ನಾಯಕಿಯ ಫೋಟೋದಲ್ಲಿ ಆಕೆ ಹೇಗೆ ಕಾಣಬೇಕು ಅನ್ನುವುದನ್ನು ಬೇರೆಯವರು ತೀರ್ಮಾನಿಸಿರುತ್ತಾರೆ. ಇಲ್ಲಿ ಅದೇ ಬೆಳಕು, ಅದೇ ಭಂಗಿ, ಆದರೆ ಯೋಜನೆ ಆಕೆಯದೇ. ಇಬ್ಬರ ವಿದ್ಯೆಯೂ ಇಲ್ಲದಿದ್ದರೆ ಆ ಚಿತ್ರಗಳು ಆಗುತ್ತಲೇ ಇರಲಿಲ್ಲ.

ಅದೇ ಕಾಲದಲ್ಲಿ, 2000ದಿಂದ 2004ರವರೆಗೆ, ಪುಷ್ಪಮಾಲಾ ಅವರು ಬೆಂಗಳೂರಿನಲ್ಲೇ ಇದ್ದ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ದಕ್ಷಿಣ ಭಾರತದ ಹೆಂಗಸರ ಬಗ್ಗೆ ಇನ್ನೊಂದು ದೊಡ್ಡ ಸರಣಿ ಮಾಡಿದರು. ಅದರಲ್ಲಿ ನೀಲಗಿರಿಯ ತೋಡಾ ಬುಡಕಟ್ಟಿನ ಹೆಂಗಸಿನ ವೇಷದ ಒಂದು ಚಿತ್ರ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿಯೊಬ್ಬ ಅಂಡಮಾನಿನ ಜನರನ್ನು ಚೌಕಳಿ ಹಲಗೆಯ ಮುಂದೆ ನಿಲ್ಲಿಸಿ, ಮೈ ಅಳತೆ ಲೆಕ್ಕ ಹಾಕಲು ತೆಗೆದ ಫೋಟೋ ಅದಕ್ಕೆ ಮೂಲ. ಹಿಂದೆ ಅದೇ ಚೌಕಳಿ, ಮುಂದೆ ವೇಷ ಹಾಕಿದ ಕಲಾವಿದೆ. ಮುಖದಲ್ಲಿ ಕೋಪದ ಒಂದು ಗೆರೆಯೂ ಇಲ್ಲ. ಆದರೆ ನೋಡುತ್ತಾ ನಿಂತರೆ ನಮ್ಮ ಕಿವಿ ಬಿಸಿಯಾಗುತ್ತದೆ. ಮನುಷ್ಯರನ್ನು ಹೀಗೆ ಗೆರೆಗಳ ಮುಂದೆ ನಿಲ್ಲಿಸಿ ಅಳೆದರಲ್ಲ, ಅವರನ್ನು ಯಾರಾದರೂ ಕೇಳಿದ್ದರಾ ಅಂತ. ನನ್ನ ಪ್ರಕಾರ ಸಿಟ್ಟಿನ ಬಗ್ಗೆ ನಮ್ಮಲ್ಲಿ ಬಂದಿರುವ ಒಳ್ಳೆಯ ಫೋಟೋಗಳಲ್ಲಿ ಅದೂ ಒಂದು, ಸಿಟ್ಟಿನ ಫೋಟೋ ಅಂತ ಯಾರೂ ಕರೆಯದಿದ್ದರೂ.

ಸಿಟ್ಟನ್ನು ಮುಖದ ಸ್ನಾಯುಗಳ ಆಟ ಅಂತ ನೋಡಿದವರೂ ಇದ್ದರು. ಫ್ರಾನ್ಸಿನ ವೈದ್ಯ ಡುಶೆನ್ 1862ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಹಲ್ಲು ಬಿದ್ದ ಒಬ್ಬ ಮುದುಕನ ಮುಖಕ್ಕೆ ವಿದ್ಯುತ್ ಕಡ್ಡಿ ತಾಗಿಸಿ, ಈ ಸ್ನಾಯು ಎಳೆದರೆ ನಗು, ಆ ಸ್ನಾಯು ಎಳೆದರೆ ಭಯ ಅಂತ ಫೋಟೋ ತೆಗೆಸಿದ್ದ. ಆ ಮುದುಕನಿಗೆ ಮುಖದಲ್ಲಿ ಸ್ಪರ್ಶವೇ ಹೆಚ್ಚು ಗೊತ್ತಾಗುತ್ತಿರಲಿಲ್ಲ, ಅದಕ್ಕೇ ಅವನನ್ನು ಆರಿಸಿಕೊಂಡಿದ್ದು. ಚಾರ್ಲ್ಸ್ ಡಾರ್ವಿನ್ ಈ ಫೋಟೋಗಳನ್ನು ಇಪ್ಪತ್ತಕ್ಕೂ ಹೆಚ್ಚು ಜನರಿಗೆ ತೋರಿಸಿ, ಏನೂ ಹೇಳದೆ, ಇದು ಯಾವ ಭಾವ ಹೇಳಿ ಅಂತ ಕೇಳಿದ. ಕೆಲವಕ್ಕೆ ಎಲ್ಲರೂ ಹೆಚ್ಚುಕಮ್ಮಿ ಒಂದೇ ಉತ್ತರ ಕೊಟ್ಟರು, ಕೆಲವಕ್ಕೆ ಒಬ್ಬೊಬ್ಬರದು ಒಂದೊಂದು. ಆಮೇಲೆ 1872ರಲ್ಲಿ ಭಾವಗಳ ಬಗ್ಗೆ ತನ್ನದೇ ಪುಸ್ತಕ ತಂದಾಗ ಡಾರ್ವಿನ್ ಲಂಡನ್ನಿನ ಆಸ್ಕರ್ ರೈಲ್ಯಾಂಡರ್ ಅನ್ನುವ ಫೋಟೋಗ್ರಾಫರ್ ಸಹಾಯ ಪಡೆದ. ರೈಲ್ಯಾಂಡರ್ ಏನು ಮಾಡಿದ ಗೊತ್ತಾ? ತಾನೇ ಕ್ಯಾಮೆರಾದ ಮುಂದೆ ನಿಂತು ಅಭಿನಯಿಸಿದ. ಆಗಿನ ಕಾಲದಲ್ಲಿ ಎಕ್ಸ್‌ಪೋಷರ್ ನಿಧಾನ, ಅಂದರೆ ಚಿತ್ರ ಮೂಡಲು ಹೊತ್ತು ಬೇಕು. ಕ್ಷಣಕ್ಕೆ ಬಂದು ಹೋಗುವ ಸಿಟ್ಟು ಪ್ಲೇಟಿನ ಮೇಲೆ ಕೂರುವುದೇ ಇಲ್ಲ, ಹಿಡಿದು ನಿಲ್ಲಿಸಬೇಕು. ಅಂದರೆ ವಿಜ್ಞಾನದ ಪುಸ್ತಕದಲ್ಲಿ ಬಂದ ಆ ಸಿಟ್ಟು ಕೂಡ ಇಬ್ಬರು ಸೇರಿ ಕಟ್ಟಿದ್ದೇ.

ಇನ್ನೊಂದು ದಾರಿ ಕೆಣಕುವುದು. 1941ರ ಡಿಸೆಂಬರ್ 30ರಂದು ಒಟ್ಟಾವಾದಲ್ಲಿ ಯೂಸುಫ್ ಕಾರ್ಷ್ ಅನ್ನುವ ಫೋಟೋಗ್ರಾಫರ್ ಚರ್ಚಿಲ್ ಬಾಯಲ್ಲಿದ್ದ ಸಿಗಾರ್ ಕಿತ್ತುಕೊಂಡು ಕ್ಲಿಕ್ ಮಾಡಿದ್ದು ಜಗತ್ತಿಗೇ ಗೊತ್ತಿರುವ ಕತೆ. ಆ ಮುಖ ಯುದ್ಧಕಾಲದ ಬ್ರಿಟನ್ನಿನ ಹಟದ ಗುರುತೇ ಆಗಿಬಿಟ್ಟಿತು. ಚರ್ಚಿಲ್ ದೇಶದ ಪ್ರಧಾನಿ, ಅವರಿಗೆ ಅದರಿಂದ ಏನೂ ಆಗಲಿಲ್ಲ, ನಕ್ಕು ಇನ್ನೊಂದು ಫೋಟೋಗೂ ನಿಂತರು. ಆದರೆ ಅದೇ ಉಪಾಯವನ್ನು ಬಲ ಇಲ್ಲದವರ ಮೇಲೆ ಬಳಸಿದರೆ? ಅಮೆರಿಕದ ಜಿಲ್ ಗ್ರೀನ್‌ಬರ್ಗ್ 2006ರಲ್ಲಿ ಪುಟ್ಟ ಮಕ್ಕಳ ಕೈಗೆ ಲಾಲಿಪಾಪ್ ಕೊಟ್ಟು, ಕಿತ್ತುಕೊಂಡು, ಅವು ಅಳುವ ಮುಖಗಳನ್ನು ತೆಗೆದು ಪ್ರದರ್ಶನ ಮಾಡಿದರು. ದೊಡ್ಡ ಗಲಾಟೆ ಆಯಿತು. ತಾಂತ್ರಿಕವಾಗಿ ಆ ಫೋಟೋಗಳು ಅದ್ಭುತ, ಬೆಳಕು ನೋಡಿದರೆ ಕಣ್ಣು ಕೀಳಲಾಗುವುದಿಲ್ಲ. ನನಗೆ ಅವು ಬೇಡ. ಮಗುವಿನ ಅಳುವಿನಲ್ಲಿ ಮಗುವಿನದೇ ಆದದ್ದು ಏನೂ ಅಲ್ಲಿ ಉಳಿದಿಲ್ಲ. ಎಲ್ಲ ಫೋಟೋಗ್ರಾಫರ್ ಹೇಳಬೇಕೆಂದಿದ್ದ ಮಾತು.

ನನಗೆ ಬೇಕಾದವರು ಜೋ ಸ್ಪೆನ್ಸ್.

1934ರಲ್ಲಿ ಹುಟ್ಟಿದ, ಲಂಡನ್ನಿನ ದುಡಿಯುವ ವರ್ಗದ ಮನೆಯ ಹೆಣ್ಣುಮಗಳು. ಮೊದಲು ಬೀದಿ ಬದಿಯ ಸ್ಟುಡಿಯೋ ಇಟ್ಟುಕೊಂಡು ಮದುವೆ ಫೋಟೋ, ಪೋರ್ಟ್ರೇಟ್ ತೆಗೆಯುತ್ತಿದ್ದವರು. 1982ರಲ್ಲಿ ಸ್ತನ ಕ್ಯಾನ್ಸರ್ ಅಂತ ಗೊತ್ತಾಯಿತು. ಆಸ್ಪತ್ರೆಯ ಹಾಸಿಗೆಯಲ್ಲಿ ಓದುತ್ತಾ ಕೂತಿದ್ದಾಗ ಬಿಳಿ ಕೋಟಿನ ಒಬ್ಬ ಯುವ ಡಾಕ್ಟರ್ ವಿದ್ಯಾರ್ಥಿಗಳ ಗುಂಪು ಕಟ್ಟಿಕೊಂಡು ಬಂದು, ತಾನು ಯಾರು ಅಂತಲೂ ಹೇಳದೆ, ಕಾಗದ ನೋಡಿಕೊಂಡು, ಬಗ್ಗಿ ಅವರ ಎಡ ಎದೆಯ ಮೇಲೆ ಶಾಯಿಯಲ್ಲಿ ಒಂದು ಅಡ್ಡ ಗುರುತು ಹಾಕತೊಡಗಿದ. ಕತ್ತರಿಸಿ ತೆಗೆಯಬೇಕಾದ ಜಾಗ ಇದು ಅಂತ. ಇದನ್ನು ಅವರೇ ಬರೆದಿದ್ದಾರೆ. ಆಕೆ ಬೇಡ ಅಂದರು. ಪೂರ್ತಿ ತೆಗೆಯುವುದಕ್ಕೆ ಒಪ್ಪಲಿಲ್ಲ, ಗಡ್ಡೆ ಮಾತ್ರ ತೆಗೆಸಿಕೊಂಡರು.

ಆ ಹೊತ್ತಿನಲ್ಲಿ ಸಂಗಾತಿ ಟೆರಿ ಡೆನ್ನೆಟ್ ಜೊತೆ ಸೇರಿ ಒಂದು ಫೋಟೋ ಮಾಡಿದರು. ಎದೆಯ ಮೇಲೆ ಪೆನ್ನಿನಲ್ಲಿ ಬರೆದಿದೆ: ಇದು ಜೋ ಸ್ಪೆನ್ಸ್ ಸ್ವತ್ತೇ? ಕೊನೆಯಲ್ಲಿ ಪ್ರಶ್ನೆ ಚಿಹ್ನೆ. ನಾನು ಆ ಚಿತ್ರವನ್ನು ಎಷ್ಟು ಸಲ ನೋಡಿದರೂ ಕಣ್ಣು ಹೋಗಿ ನಿಲ್ಲುವುದು ಆ ಪ್ರಶ್ನೆ ಚಿಹ್ನೆಯ ಮೇಲೇ. ನನ್ನ ಮೈ ನನ್ನದು ಅಂತ ಬರೆದಿದ್ದರೆ ಘೋಷಣೆ ಆಗುತ್ತಿತ್ತು. ನನ್ನದೇನಾ ಅಂತ ಕೇಳಿದ್ದರಿಂದ ಅದು ಸಿಟ್ಟಾಯಿತು. ಡಾಕ್ಟರ್ ಕೇಳದೆ ಗೀಚಿದ ಮೈ ಮೇಲೆಯೇ ಆಕೆಯೂ ಬರೆದರು, ಆದರೆ ಏನು ಬರೆಯಬೇಕು ಅಂತ ತಾವೇ ಯೋಚಿಸಿ.

ಆಮೇಲೆ ರೋಸಿ ಮಾರ್ಟಿನ್ ಅನ್ನುವ ಗೆಳತಿಯ ಜೊತೆ ಅವರು ಫೋಟೋ ಥೆರಪಿ ಅಂತ ಒಂದು ವಿಧಾನವನ್ನೇ ಬೆಳೆಸಿದರು. ಅದು ನಡೆಯುವ ರೀತಿ ತುಂಬ ಸರಳ. ಇಬ್ಬರು ಮೊದಲು ಕೂತು ಮಾತಾಡುತ್ತಾರೆ. ಯಾವ ಘಟನೆ, ಯಾರ ಮೇಲೆ ಸಿಟ್ಟು, ಆಗ ಎಷ್ಟು ವಯಸ್ಸು, ಮೈ ಮೇಲೆ ಏನಿತ್ತು. ಆಮೇಲೆ ಬಟ್ಟೆ, ಸಾಮಾನು ಹುಡುಕುತ್ತಾರೆ. ಕ್ಯಾಮೆರಾದ ಮುಂದಿರುವವರೇ ನಿರ್ದೇಶಕರು, ಕ್ಯಾಮೆರಾ ಹಿಡಿದವರು ಅವರು ಹೇಳಿದಂತೆ ತೆಗೆಯುತ್ತಾರೆ, ಜೊತೆಗೆ ಅವರನ್ನು ಕಾಯುತ್ತಾರೆ. ಇನ್ನೊಂದು ದಿನ ಜಾಗ ಬದಲು. ಫೋಟೋ ಬಂದ ಮೇಲೆ ಇಬ್ಬರೂ ಒಟ್ಟಿಗೆ ನೋಡುತ್ತಾರೆ. 1984ರ ಒಂದು ಸರಣಿಯಲ್ಲಿ ಜೋ ಮಗುವಿನ ಟೊಪ್ಪಿ ಹಾಕಿಕೊಂಡು ಕೂತಿದ್ದಾರೆ. ಆಸ್ಪತ್ರೆಯಲ್ಲಿ ಐವತ್ತರ ಹತ್ತಿರದ ಹೆಂಗಸನ್ನು ಹೇಗೆ ಕೂಸಿನ ಹಾಗೆ ನೋಡಿಕೊಂಡರು ಅನ್ನುವುದಕ್ಕೆ ಅದು ಅವರ ಉತ್ತರ. ಜೋ 1992ರಲ್ಲಿ ತೀರಿಕೊಂಡರು. ಆಮೇಲೆ ಬಂದ ರಕ್ತದ ಕ್ಯಾನ್ಸರ್ ಅವರನ್ನು ಬಿಡಲಿಲ್ಲ. ಆದರೆ ಅವರ ಪ್ರತಿಯೊಂದು ಇಂಥ ಕೆಲಸದ ಕೆಳಗೂ ಜೊತೆಗೆ ಮಾಡಿದವರ ಹೆಸರು ಇರುತ್ತದೆ: ರೋಸಿ ಮಾರ್ಟಿನ್ ಜೊತೆ, ಟೆರಿ ಡೆನ್ನೆಟ್ ಜೊತೆ, ಡಾಕ್ಟರ್ ಟಿಮ್ ಶಿಯರ್ಡ್ ಜೊತೆ. ಹೌದು, ಡಾಕ್ಟರ್. ಡಾಕ್ಟರರ ಮೇಲೆ ಅಷ್ಟು ಸಿಟ್ಟಿದ್ದ ಹೆಂಗಸು ಕೊನೆಕೊನೆಗೆ ಒಬ್ಬ ಡಾಕ್ಟರ ಕೈಗೇ ಕ್ಯಾಮೆರಾ ಕೊಟ್ಟು ಆ ಸಿಟ್ಟಿನ ಚಿತ್ರ ಮಾಡಿದರು.

ನಮ್ಮ ಕಡೆ ಇಂಥದ್ದಕ್ಕೆ ಜಾಗವೇ ಇಲ್ಲ ಅಂತ ಅನ್ನಿಸಿದಾಗಲೆಲ್ಲ ನನಗೆ ಕೈಕೇಯಿ ನೆನಪಾಗುತ್ತಾಳೆ. ದಶರಥನ ಅರಮನೆಯಲ್ಲಿ ಕೋಪಗೃಹ ಅಂತಲೇ ಒಂದು ಕೋಣೆ ಇತ್ತು. ರಾಣಿಗೆ ಸಿಟ್ಟು ಬಂದರೆ ಅಲ್ಲಿ ಹೋಗಿ, ಒಡವೆ ಕಿತ್ತು ಬಿಸಾಡಿ, ನೆಲದ ಮೇಲೆ ಮಲಗಬಹುದಿತ್ತು. ರಾಜನೇ ಅಲ್ಲಿಗೆ ಹೋಗಿ ಏನಾಯಿತು ಅಂತ ಕೇಳಬೇಕಿತ್ತು. ಆಕೆ ಕೇಳಿದ ವರ ಸರಿಯಾ ತಪ್ಪಾ ಅನ್ನುವುದು ಬೇರೆ ಮಾತು. ಸಿಟ್ಟಿಗೆ ಒಂದು ಕೋಣೆ, ಒಂದು ರೀತಿ, ಕೇಳಿಸಿಕೊಳ್ಳುವ ಒಬ್ಬ ಮನುಷ್ಯ ಇದ್ದರಲ್ಲ, ನನಗೆ ಅದು ದೊಡ್ಡದಾಗಿ ಕಾಣುತ್ತದೆ. ಪುಷ್ಪಮಾಲಾ ಅವರೂ 2012ರ 'ಆವೇಗ' ಅನ್ನುವ ಕೆಲಸದಲ್ಲಿ ರಾಮಾಯಣದ ಮೂವರನ್ನು ಆರಿಸಿಕೊಂಡರು: ಕೈಕೇಯಿ, ಶೂರ್ಪಣಖಿ, ಸೀತೆ. ಮೂವರಿಗೂ ಸಿಟ್ಟಾಗಲು ಕಾರಣ ಇತ್ತು. ಜನ ಒಪ್ಪಿಕೊಂಡಿದ್ದು ಸೀತೆಯ ಸಿಟ್ಟನ್ನು ಮಾತ್ರ, ಅದೂ ಆಕೆ ಭೂಮಿಯೊಳಗೆ ಹೋದ ಮೇಲೆ.

ನಾನೂ ಈ ರೀತಿ ಒಂದು ಕೆಲಸ ಮಾಡಿದ್ದೇನೆ, ಅದನ್ನು ಹೇಳುತ್ತೇನೆ. ನನ್ನ ಗೆಳತಿ, ಹೈಸ್ಕೂಲ್ ಟೀಚರ್. ಅವಳ ಅಪ್ಪ ತೀರಿಕೊಂಡ ಮೇಲೆ ಅಣ್ಣಂದಿರು ಆಸ್ತಿಗೆ ಹಕ್ಕು ಬಿಡುಗಡೆ ಪತ್ರ ಮಾಡಿಸಿ, ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ ಸಹಿ ಹಾಕಿಸಿಕೊಂಡಿದ್ದರು. 2005ರಲ್ಲೇ ಕಾನೂನು ತಿದ್ದುಪಡಿಯಾಗಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಅಂತ ಆಗಿದೆ. ಅವಳಿಗೂ ಅದು ಗೊತ್ತಿತ್ತು. ಆದರೆ ತವರು ಬೇಕಲ್ಲ. ಬದಲಿಗೆ ಅರಿಶಿನ ಕುಂಕುಮ, ಒಂದು ರೇಷ್ಮೆ ಸೀರೆ. ಇದು ಎಷ್ಟು ಮನೆಗಳ ಕತೆ ಅಂತ ಓದುತ್ತಿರುವ ನಿಮಗೇ ಗೊತ್ತು.

ಸಿಟ್ಟಿನ ಬಗ್ಗೆ ಚಿತ್ರ ಮಾಡೋಣ ಅಂದಾಗ ಆ ಸೀರೆ ತಂದವಳು ಅವಳೇ. ಮಡಿಕೆ ಕೂಡ ಬಿಚ್ಚಿರಲಿಲ್ಲ. ಸ್ಟಾಂಪ್ ಪ್ಯಾಡ್ ಕೂಡ ಅವಳದೇ ಐಡಿಯಾ. ಹೆಬ್ಬೆಟ್ಟಿಗೆ ನೇರಳೆ ಶಾಯಿ ಒತ್ತಿಕೊಂಡು, ಸೀರೆಗೆ ತಾಗದ ಹಾಗೆ ಕೈಯನ್ನು ಸ್ವಲ್ಪ ಎತ್ತಿ ಹಿಡಿದು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಳು. ಶಟರಿನ ರಿಮೋಟ್ ಇನ್ನೊಂದು ಕೈಯಲ್ಲಿ, ಸೆರಗಿನ ಕೆಳಗೆ. ಹುಬ್ಬು ಸ್ವಲ್ಪ ಬಿಗಿ ಮಾಡ್ತೀಯಾ ಅಂತ ಕೇಳಿದೆ. ಅವಳು ಹೇಳಿದ್ದು ಇಷ್ಟು: "ಹುಬ್ಬು ಗಂಟು ಹಾಕೋಕೆ ಹೇಳ್ಬೇಡ ಕಣೇ. ಅವತ್ತು ನಾನು ನಗ್ತಾ ಇದ್ದೆ. ಅಣ್ಣನಿಗೆ ಬೇಜಾರಾಗಬಾರದು ಅಂತ ನಗ್ತಾ ಇದ್ದೆ. ನಂಗೆ ಆ ನಗುವಿನ ಫೋಟೋನೇ ಬೇಕು."

ನಕ್ಕಳು. ಕ್ಲಿಕ್ ಅವಳೇ ಒತ್ತಿದಳು. ತುಟಿ ಮಾತ್ರ ಅಗಲವಾಗಿತ್ತು, ಕೆನ್ನೆ ಕದಲಿರಲಿಲ್ಲ. ಶಾಯಿ ಹತ್ತಿದ ಹೆಬ್ಬೆಟ್ಟು ಎಷ್ಟು ಬಿಗಿಯಾಗಿತ್ತೆಂದರೆ ಉಗುರಿನ ಸುತ್ತ ಬೆಳ್ಳಗಾಗಿತ್ತು. ಕವಿ ರನ್ನ ದುರ್ಯೋಧನನ ಕಣ್ಣು ಸಿಟ್ಟಿಗೆ ಕೆಂಪಾಯಿತು ಅಂತಲೂ ಹೇಳುತ್ತಾನೆ, ಆದರೆ ನಮಗೆಲ್ಲ ನೆನಪಿರುವುದು ನೀರಿನೊಳಗಿದ್ದೂ ಅವನು ಬೆವೆತದ್ದು. ಸಿಟ್ಟು ಮೈಯಲ್ಲಿ ಎಲ್ಲಿ ಕಾಣುತ್ತದೆ ಅಂತ ಹೊರಗೆ ನಿಂತ ನಾನು ಊಹಿಸಲು ಸಾಧ್ಯವೇ ಇರಲಿಲ್ಲ. ಅವಳಿಗೆ ಮಾತ್ರ ಗೊತ್ತಿತ್ತು.

ಆ ಸಂಜೆ ಇಬ್ಬರೂ ಲ್ಯಾಪ್‌ಟಾಪಿನಲ್ಲಿ ಎಲ್ಲವನ್ನೂ ನೋಡಿದೆವು. ಒಂದನ್ನು ಇಟ್ಟುಕೊಂಡಳು, ಉಳಿದದ್ದು ಅಳಿಸು ಅಂದಳು, ಅಳಿಸಿದೆ. ಆ ಒಂದು ಫೋಟೋವನ್ನು ಎಲ್ಲಿಯೂ ಹಾಕಬಾರದು ಅಂದಿದ್ದಾಳೆ. ಇಷ್ಟು ಬರೆಯಲು ಒಪ್ಪಿಗೆ ಇದೆ, ಹೆಸರಿಗೆ ಇಲ್ಲ. ಆದ್ದರಿಂದ ಈ ಬರಹದ ಜೊತೆ ಫೋಟೋ ಇಲ್ಲ, ದಯವಿಟ್ಟು ಕಾಮೆಂಟಿನಲ್ಲಿ ಕೇಳಬೇಡಿ.

ಹಾಗಾದರೆ ಪ್ರತಿಭಟನೆಯ ಫೋಟೋನೂ ತೆಗೆಯಬಾರದಾ ಅಂತ ಕೆಲವರು ಕೇಳಬಹುದು. ತೆಗೆಯಿರಿ. ಬೋರ್ಡು ಬರೆದು, ಘೋಷಣೆ ಕಲಿತು, ರಸ್ತೆಗೆ ಬಂದವರು ತಮ್ಮ ಸಿಟ್ಟು ಕಾಣಲಿ ಅಂತಲೇ ಬಂದಿರುತ್ತಾರೆ. ಅವರು ಚಿತ್ರಕ್ಕೆ ಆಗಲೇ ಒಪ್ಪಿದ್ದಾರೆ. ನನ್ನ ಜಗಳ ಇರುವುದು ಬಸ್ಸು, ಆಸ್ಪತ್ರೆ, ರೇಷನ್ ಅಂಗಡಿ ಕ್ಯೂನಲ್ಲಿ ಕದ್ದು ತೆಗೆಯುವವರ ಜೊತೆ. ಇನ್ನೂ ಜಾಸ್ತಿ ಜಗಳ ಇರುವುದು ನಮ್ಮ ಫೋಟೋ ಕ್ಲಬ್ಬುಗಳ ಜೊತೆ. ಸ್ಪರ್ಧೆಯಲ್ಲಿ ಭಾವ ಅನ್ನುವ ವಿಭಾಗ ಇಟ್ಟು, ಸಂತೆಯಲ್ಲಿ ದೂರದಿಂದ ಟೆಲಿ ಲೆನ್ಸ್ ಹಾಕಿ ಹೊಡೆದ ಯಾವುದೋ ಅಜ್ಜಿಯ ಸಿಡುಕು ಮುಖಕ್ಕೆ ಮೊದಲ ಬಹುಮಾನ ಕೊಡುತ್ತೇವೆ. ಅಜ್ಜಿ ಸಿಡುಕಿದ್ದು ಬಹುಶಃ ಆ ಲೆನ್ಸ್ ಕಂಡೇ. ಕೆಳಗೆ ಫೋಟೋಗ್ರಾಫರ್ ಹೆಸರು, ಊರು, ಕ್ಯಾಮೆರಾದ ಮಾಡೆಲ್ ನಂಬರ್ ಸಮೇತ ಇರುತ್ತದೆ. ಅಜ್ಜಿಯ ಹೆಸರು ಇರುವುದಿಲ್ಲ.

ಸ್ಪರ್ಧೆ ನಡೆಸುವ ಗೆಳೆಯರು ಕೆಲವರು ಇದನ್ನು ಓದುತ್ತಿದ್ದೀರಿ, ನಿಮ್ಮನ್ನೇ ಕೇಳುತ್ತಿದ್ದೇನೆ. ಮುಂದಿನ ಸಲ ಅರ್ಜಿಯಲ್ಲಿ ಒಂದು ಸಾಲು ಸೇರಿಸಿ: ಚಿತ್ರದಲ್ಲಿರುವವರು ಯಾರು, ಅವರು ಒಪ್ಪಿದ್ದಾರಾ, ಈ ಚಿತ್ರ ಅವರು ನೋಡಿದ್ದಾರಾ. ಪುಷ್ಪಮಾಲಾ ಎನ್. ಮತ್ತು ಕ್ಲೇರ್ ಆರ್ನಿ ಅಂತ ಎರಡೂ ಹೆಸರು ಒಟ್ಟಿಗೆ ಬರೆಯಲು ಸಾಧ್ಯ ಆದರೆ ನಿಮಗೂ ಸಾಧ್ಯ. ಹೆಸರು ಬೇಡ ಅಂದವರಿದ್ದರೆ ಅದನ್ನೂ ಹಾಗೆಯೇ ಬರೆಯಿರಿ. ಬಹುಮಾನದ ದುಡ್ಡಲ್ಲಿ ಅರ್ಧ ಅವರಿಗೆ ಕೊಡಿ.